ಸ್ವಯಮಾರೋಹಣ ಮೀಮಾಂಸೆ: ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಸೀಮೆಯ ಪೆನ್‌ಡ್ರೈವ್‌ಗಳನ್ನು ಅನುಲಕ್ಷಿಸಿದ ಒಂದು ಬಹುಶಿಸ್ತೀಯ ಅಧ್ಯಯನ

ಪೀಠಿಕೆ

ಮಾನವನು ಅನಾದಿ ಕಾಲದಿಂದಲೂ ಒಂದು ವಸ್ತುವನ್ನು ಇನ್ನೊಂದರೊಳಗೆ ತೂರಿಸಿ, ಏನಾದರೂ ಆಗುತ್ತದೆಯೇ ಎಂದು ಕಾಯುತ್ತ ಬಂದಿದ್ದಾನೆ. ಈ ಕಾಯುವಿಕೆಯ ಸಾಂಸ್ಕೃತಿಕ ರಾಜಕಾರಣದೊಂದಿಗೆ ಕನ್ನಡ ಸಂಶೋಧನೆ ಇದುವರೆಗೆ ಮುಖಾಮುಖಿಯಾಗಿಲ್ಲ. ಲಿನಕ್ಸ್ ಗಣಕದ ರಂಧ್ರಕ್ಕೆ ಪೆನ್‌ಡ್ರೈವ್ ಎಂಬ ಕಳಚಬಲ್ಲ ಸ್ಮೃತಿಪಾತ್ರೆಯನ್ನು ಸೇರಿಸಿದಾಗ ಅದರ ಚಿತ್ರಿಕೆ ತೆರೆಯ ಮೇಲೆ ತಾನಾಗಿ ಮೂಡಬೇಕೆಂಬ ಜನಸಾಮಾನ್ಯರ ನಿರೀಕ್ಷೆ, ಮೂಡದಿದ್ದಾಗ ಅವರ ಅಸ್ಮಿತೆಗೆ ಒದಗುವ ಬಿಕ್ಕಟ್ಟು, ಆ ಬಿಕ್ಕಟ್ಟಿನ ಜತೆ ಅವರು ನಡೆಸುವ ಅನುಸಂಧಾನ, ಇವೆಲ್ಲವನ್ನೂ ‘ಸ್ವಯಮಾರೋಹಣ ಭಂಗ’ ಎಂಬ ಪರಿಕಲ್ಪನೆಯ ಮೂಲಕ ಶೋಧಿಸಲು ಪ್ರಸ್ತುತ ಅಧ್ಯಯನ ಹವಣಿಸುತ್ತದೆ. ಹವಣಿಸುತ್ತದೆ, ಅಷ್ಟೆ. ಶೋಧಿಸಿಯೇ ತೀರುತ್ತೇನೆಂದು ಯಾವ ಪ್ರಬಂಧವೂ ಮಾತು ಕೊಡಬಾರದು. ಮುಂದಿನ ವಿಚಾರ ಸಂಕಿರಣಕ್ಕೆ ಏನಾದರೂ ಉಳಿಯಬೇಕು.

ಪ್ರಾಕ್ಕಲ್ಪನೆ: ಪೆನ್‌ಡ್ರೈವ್ ತೆರೆಯದಿದ್ದರೆ ಅದು ತೆರೆದಿಲ್ಲ. ಪರ್ಯಾಯ ಪ್ರಾಕ್ಕಲ್ಪನೆ: ತೆರೆಯಬಹುದಿತ್ತು.

ಯುಜಿಸಿ 2010ರಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಗಳ ಲೆಕ್ಕ ತಂದ ಮೇಲೆ ಕನ್ನಡ ನಾಡಿನಲ್ಲಿ ಸಂಕಿರಣಗಳ ಸುಗ್ಗಿ ಎಂಥದಾಯಿತೆಂದು ಬಲ್ಲವರು ಬಲ್ಲರು. ದಿಕ್ಸೂಚಿ ಭಾಷಣ ಊಟದ ಹೊತ್ತನ್ನು ದಾಟುತ್ತದೆ, ಆಶಯ ನುಡಿಯ ಆಶಯ ಸಭೆಗೆ ಗೊತ್ತಾಗುವ ಮೊದಲೇ ವಂದನಾರ್ಪಣೆ ಬರುತ್ತದೆ. ಮಂಡಿಸಿದವರಿಗೂ ಮಂಡಿಸದವರಿಗೂ ಒಂದೇ ಪ್ರಮಾಣಪತ್ರ. ದುಡ್ಡು ಕಟ್ಟಿದರೆ ಐಎಸ್‌ಬಿಎನ್ ಇರುವ ಸಂಪುಟದಲ್ಲಿ ಜಾಗ. ಈ ಪ್ರಬಂಧಕ್ಕೆ ಐಎಸ್‌ಬಿಎನ್ ಇಲ್ಲ, ಆದ್ದರಿಂದ ಇದರಲ್ಲಿ ಹೇಳಿರುವುದು ನಿಜವಾಗಿರುವ ಸಂಭವ ಉಂಟು.

ಅಧ್ಯಯನದ ವ್ಯಾಪ್ತಿ ಮತ್ತು ಮಿತಿ

ತುಮಕೂರು ಜಿಲ್ಲೆಯ 10 ತಾಲ್ಲೂಕುಗಳ ಪೈಕಿ ಮೂರನ್ನು ಮಾತ್ರ ಆಯ್ದುಕೊಳ್ಳಲಾಗಿದೆ. ತುಮಕೂರು, ಏಕೆಂದರೆ ಸಂಶೋಧಕನ ಮನೆ ಅಲ್ಲಿದೆ. ಗುಬ್ಬಿ, ಏಕೆಂದರೆ ಬಸ್ಸು ಬೇಗ ಸಿಗುತ್ತದೆ. ಕುಣಿಗಲ್, ಏಕೆಂದರೆ ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರಿಗೆ ಆರೋಹಣದ ವಿಷಯದಲ್ಲಿ ಪರಂಪರಾಗತ ಹಕ್ಕಿದೆಯೆಂದು ಮಾರ್ಗದರ್ಶಕರು ಅಭಿಪ್ರಾಯಪಟ್ಟರು. ಮಾರ್ಗದರ್ಶಕರ ಅಭಿಪ್ರಾಯವನ್ನು ತಳ್ಳಿಹಾಕಿ ಪಿಎಚ್‌ಡಿ ಮುಗಿಸಿದವರಿಲ್ಲ. ಪಾವಗಡವನ್ನು ಕೈಬಿಡಲಾಗಿದೆ, ಕಾರಣ ದೂರ. (ಪಾವಗಡವನ್ನು ಯಾವುದರಿಂದ ಕೈಬಿಟ್ಟಾಗಲೂ ಕಾರಣ ಅದೇ.)

ವಿಂಡೋಸ್ ಬಳಕೆದಾರರು ಬೇರೆ ಬಗೆಯಲ್ಲಿ ನರಳುವುದರಿಂದ ಅವರಿಗೆ ಪ್ರತ್ಯೇಕ ಸಂಪುಟ ಮೀಸಲು.

ಈ ಸೀಮೆಯಲ್ಲಿ ಲಿನಕ್ಸ್ ಯಾರ ಹತ್ತಿರ ಇದೆ ಎಂದು ಕೇಳುವವರು ಸರ್ಕಾರಿ ಪ್ರೌಢಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಕಾಲಿಟ್ಟವರಲ್ಲ. ಡಿಎಸ್‌ಇಆರ್‌ಟಿಯು ಐಟಿ ಫಾರ್ ಚೇಂಜ್ ಸಂಸ್ಥೆಯ ಜತೆಗೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ, ಆಮೇಲೆ ಬಂದ ಟಾಲ್ಪ್ ತರಬೇತಿಗಳಲ್ಲಿ, ಮೇಷ್ಟ್ರುಗಳೂ ಮೇಡಂಗಳೂ ಕಲಿತದ್ದು ಉಬುಂಟು. ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆದರು, ಲಿಬ್ರೆಆಫೀಸಿನಲ್ಲಿ ಪ್ರಶ್ನೆಪತ್ರಿಕೆ ಮಾಡಿದರು. ಲೈಸೆನ್ಸಿನ ಕಾಸಿಲ್ಲದೆ, ಕದ್ದ ಪ್ರತಿಯ ಅಂಜಿಕೆಯಿಲ್ಲದೆ ಒಂದು ಸರ್ಕಾರಿ ಶಾಲೆ ಕಂಪ್ಯೂಟರ್ ನಡೆಸಬಹುದೆಂಬ ಆ ಯೋಚನೆ ಒಳ್ಳೆಯದೇ ಆಗಿತ್ತು, ಅದರ ಬಗ್ಗೆ ಅಣಕು ಮಾಡುವ ಮನಸ್ಸು ನನಗಿಲ್ಲ. ತರಬೇತಿ ಮುಗಿಸಿ, ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು ಅವರು ಚೇಳೂರಿಗೂ ಹುಲಿಯೂರುದುರ್ಗಕ್ಕೂ ವಾಪಸು ಹೋದ ಮೇಲೆಯೇ ನಮ್ಮ ಅಧ್ಯಯನದ ವಸ್ತು ಹುಟ್ಟಿದ್ದು.

ಪೂರ್ವಸೂರಿಗಳು

1971ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್‌ನ ಮೊದಲ ಆವೃತ್ತಿ ಹೊರತಂದಾಗಲೇ ಮೌಂಟ್ ಎಂಬ ಆಜ್ಞೆ ಅದರಲ್ಲಿತ್ತು. ವಿಂಡೋಸಿನಂತೆ ಸಿ, ಡಿ, ಇ ಎಂದು ಮನೆಗೊಂದು ಬಾಗಿಲು ಯುನಿಕ್ಸಿಗಿಲ್ಲ. ಇರುವುದು ಒಂದೇ ಮರ. ಹೊಸ ಡಿಸ್ಕು ಬಂದರೆ ಮರದ ಯಾವುದೋ ಕೊಂಬೆಗೆ ಅದನ್ನು ಸೇರಿಸಬೇಕು, ಸೇರಿಸಿದ ಜಾಗದಿಂದಲೇ ಒಳಹೊಗಬೇಕು. ಅಂದು ಈ ಕೆಲಸ ಮಾಡುತ್ತಿದ್ದವರು ಯಂತ್ರದ ಯಜಮಾನರು. ಲಿನಕ್ಸ್ 1991ರಲ್ಲಿ ಬಂದಾಗ ಈ ಪದ್ಧತಿಯನ್ನೂ ಯಜಮಾನಿಕೆಯನ್ನೂ ಜತೆಯಲ್ಲೇ ತಂದಿತು. ಫ್ಲಾಪಿ ಹಾಕಿದವನು ಟರ್ಮಿನಲ್ಲಿನಲ್ಲಿ ಆಜ್ಞೆ ಬರೆದು ಅದನ್ನು ಮರಕ್ಕೇರಿಸಬೇಕಿತ್ತು, ತೆಗೆಯುವ ಮೊದಲು ಮತ್ತೆ ಬರೆದು ಇಳಿಸಬೇಕಿತ್ತು. 2000ದಲ್ಲಿ ಪೆನ್‌ಡ್ರೈವ್ ಮಾರುಕಟ್ಟೆಗೆ ಬಂತು. ಜೇಬಿನಲ್ಲಿ ಡಿಸ್ಕು ಇಟ್ಟುಕೊಂಡು ಓಡಾಡುವವನು ಯಜಮಾನನ ದಾರಿ ಕಾಯಲಾರ. ಹೀಗಾಗಿ ತಾನಾಗಿಯೇ ಏರುವ ವ್ಯವಸ್ಥೆ ಬೇಕಾಯಿತು.

ಇದರ ಮೊದಲ ಘಟ್ಟವನ್ನು ಇತಿಹಾಸಕಾರರು ಎಚ್‌ಎಎಲ್ ಯುಗವೆನ್ನುತ್ತಾರೆ. ಗುಬ್ಬಿಯ ವಾಚಕರು ಇಲ್ಲಿ ಎದೆಯುಬ್ಬಿಸುವ ಮೊದಲು ಒಂದು ಸ್ಪಷ್ಟನೆ: ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎದ್ದು, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆಯ ಎಚ್‌ಎಎಲ್ ಇದಲ್ಲ. ಇದು ಹಾರ್ಡ್‌ವೇರ್ ಅಬ್‌ಸ್ಟ್ರಾಕ್ಷನ್ ಲೇಯರ್. ಯಾವ ಯಂತ್ರಭಾಗ ಬಂತು, ಯಾವುದು ಹೋಯಿತು ಎಂದು ಡೆಸ್ಕ್‌ಟಾಪಿಗೆ ವರದಿ ಒಪ್ಪಿಸುತ್ತಿದ್ದ ತಂತ್ರಾಂಶ. ಎಲ್ಲ ಕೆಲಸವನ್ನೂ ತಾನೇ ಮಾಡಹೋಗಿ ಬೊಜ್ಜು ಬೆಳೆಸಿಕೊಂಡು 2010ರ ಹೊತ್ತಿಗೆ ಮೂಲೆಗೆ ಸರಿಯಿತು. ಒಂದು ಎಚ್‌ಎಎಲ್ ತೀರಿಕೊಂಡು ವರ್ಷಗಳಾದ ಮೇಲೆ ಇನ್ನೊಂದು ಗುಬ್ಬಿಯಲ್ಲಿ ಅವತರಿಸಿತೆಂಬ ಪುನರ್ಜನ್ಮ ಸಿದ್ಧಾಂತವನ್ನು ನಾನು ಮಂಡಿಸುತ್ತಿಲ್ಲ. ಮಂಡಿಸುವವರು ಸಿಗುತ್ತಾರೆ, ದಿನಭತ್ಯೆ ಕೊಟ್ಟರೆ ಸಾಕು. ಡೆಬಿಯನ್ ಭಂಡಾರದಲ್ಲಿ ‘ಗುಬ್ಬಿ’ ಎಂಬ ಕನ್ನಡ ಫಾಂಟೂ ಇದೆ. ಪಕ್ಕದಲ್ಲೇ ‘ನವಿಲು’ ಎಂಬುದೂ ಇರುವುದರಿಂದ ಅದನ್ನು ತಾಲ್ಲೂಕಿನ ಖಾತೆಗೆ ಜಮಾ ಮಾಡಿಕೊಳ್ಳುವ ಆಸೆಯನ್ನೂ ಬಿಡಬೇಕಾಗಿದೆ.

ಎಚ್‌ಎಎಲ್‌ನ ಕೆಲಸವನ್ನು ಹಂಚಿಕೊಂಡವರು ಯುಡೆವ್ ಮತ್ತು ಯುಡಿಸ್ಕ್ಸ್. 2012ರಿಂದ ಈಚೆಗೆ ಯುಡಿಸ್ಕ್ಸ್‌ನ ಎರಡನೆಯ ಆವೃತ್ತಿ ಬಹುತೇಕ ಎಲ್ಲ ಡೆಸ್ಕ್‌ಟಾಪುಗಳಲ್ಲಿದೆ.

ತಾತ್ವಿಕ ಚೌಕಟ್ಟು

ತಾತ್ವಿಕ ಚೌಕಟ್ಟಿಗೆ ಫ್ರಾನ್ಸಿನಿಂದ ಯಾರನ್ನಾದರೂ ಕರೆಸುವುದು ವಾಡಿಕೆ. ನಾನು ಗುಬ್ಬಿಯಿಂದ ಕರೆಸುತ್ತೇನೆ. 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಸುತ್ತಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಒಂದು ಊರಲ್ಲಿ ಕ್ಯಾಂಪು ಹೂಡುವುದನ್ನು ನೆನೆಯಿರಿ. ಸಾಮಾನು ಬಂದಿಳಿಯುತ್ತದೆ. ಇಂಥ ಕಂಪನಿ, ಇಷ್ಟು ಪೆಟ್ಟಿಗೆ ಎಂದು ಯಾರೋ ಬರೆದುಕೊಳ್ಳುತ್ತಾರೆ. ಮ್ಯಾನೇಜರು ಮೈದಾನ ಗೊತ್ತುಮಾಡುತ್ತಾನೆ. ಅಮಲ್ದಾರರ ಪರವಾನಗಿ ಬೇಕು. ಡೇರೆ ಏಳುತ್ತದೆ. ಕಡೆಗೆ ಗೋಡೆಯ ಮೇಲೆ ಪೋಸ್ಟರು.

ಪೆನ್‌ಡ್ರೈವಿನದೂ ಇದೇ ಕಥೆ. ಯುಎಸ್‌ಬಿ ಕಿಂಡಿಗೆ ಸಾಮಾನು ಬಂದಿಳಿದದ್ದನ್ನು ಕರ್ನೆಲ್ ಕಾಣುತ್ತದೆ, ಎಸ್‌ಡಿಬಿ ಎಂದೋ ಎಸ್‌ಡಿಸಿ ಎಂದೋ ಹೆಸರು ಕೊಡುತ್ತದೆ, ಒಳಗಿನ ಭಾಗಕ್ಕೆ ಎಸ್‌ಡಿಬಿ1 ಎನ್ನುತ್ತದೆ. ಯುಡೆವ್ ಅದರ ಕುಲಗೋತ್ರ ಬರೆದುಕೊಳ್ಳುತ್ತದೆ: ಲೇಬಲ್ ಏನು, ಗುರುತು ಸಂಖ್ಯೆ ಏನು, ಒಳಗಿನ ಫೈಲ್‌ಸಿಸ್ಟಂ ಫ್ಯಾಟ್32ವೋ, ಎಕ್ಸ್‌ಫ್ಯಾಟೋ, ಎನ್‌ಟಿಎಫ್‌ಎಸ್ಸೋ. ಮ್ಯಾನೇಜರು ಯುಡಿಸ್ಕ್ಸ್. ಪರವಾನಗಿ ನೀಡುವ ಅಮಲ್ದಾರರ ಹೆಸರು ಪೋಲ್ಕಿಟ್. ಕೇಳುತ್ತಿರುವವನು ಈ ಯಂತ್ರದ ಮುಂದೆ ನಿಜವಾಗಿ ಕೂತು ಲಾಗಿನ್ ಆಗಿರುವವನೇ, ಇಲ್ಲ ಎಲ್ಲಿಂದಲೋ ದೂರದಿಂದ ಹೊಕ್ಕವನೇ ಎಂದು ಅವರು ನೋಡುತ್ತಾರೆ. ಮೈದಾನ ಉಬುಂಟುವಿನಲ್ಲಿ ‘ಮೀಡಿಯಾ’ ಎಂಬ ಫೋಲ್ಡರಿನೊಳಗೆ ನಿಮ್ಮ ಹೆಸರಿನ ಕೆಳಗೆ. ಫೆಡೋರಾದಲ್ಲಿ ‘ರನ್’ ಒಳಗಿನ ‘ಮೀಡಿಯಾ’ದಲ್ಲಿ. ಪೋಸ್ಟರು ಅಂಟಿಸುವ ಕೆಲಸ ಮಾತ್ರ ಡೆಸ್ಕ್‌ಟಾಪಿನದು.

ಪೋಸ್ಟರು ಕಾಣಲಿಲ್ಲವೆಂದ ಮಾತ್ರಕ್ಕೆ ಕಂಪನಿ ಊರಿಗೇ ಬಂದಿಲ್ಲವೆಂದು ತೀರ್ಮಾನಿಸುವವನನ್ನು ಏನೆನ್ನೋಣ? ಆದರೆ ನಮ್ಮ ಸೀಮೆಯ ಪೆನ್‌ಡ್ರೈವ್ ವೈದ್ಯರಲ್ಲಿ ಮುಕ್ಕಾಲು ಪಾಲು ಮಂದಿ ತೀರ್ಮಾನಿಸುವುದು ಹೀಗೆಯೇ. ಎಲ್ಲಿಯವರೆಗೆ ಬಂದು ನಿಂತಿದೆ ಎಂದು ನೋಡಿದರೆ ರೋಗ ಗೊತ್ತಾಗುತ್ತದೆ. ಇಷ್ಟೇ ಇಡೀ ಶಾಸ್ತ್ರ. ಇದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಪ್ರಬಂಧವಾಗುವುದಿಲ್ಲ, ಆದ್ದರಿಂದ ವರ್ಗೀಕರಣಕ್ಕೆ ಹೋಗೋಣ.

ಭಂಗಗಳ ಅಷ್ಟಾದಶ ವರ್ಗೀಕರಣ

ಸ್ವಯಮಾರೋಹಣ ಭಂಗಗಳು ಹದಿನೆಂಟು. ಪುರಾಣಗಳೂ ಹದಿನೆಂಟು, ಪರ್ವಗಳೂ ಹದಿನೆಂಟು, ಆದ್ದರಿಂದ ಇದು ಪ್ರಶ್ನಾತೀತ.

ಒಂದು: ಅದರ್ಶನ ಭಂಗ. ಸಾಮಾನೇ ಬಂದಿಳಿದಿಲ್ಲ. ಟರ್ಮಿನಲ್ ತೆರೆದು ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಐದು ಅಕ್ಷರ ಹಾಕಿದರೆ ಗಣಕ ತನಗೆ ಕಂಡ ಡಿಸ್ಕುಗಳನ್ನೆಲ್ಲ ಪಟ್ಟಿ ಮಾಡುತ್ತದೆ. ಅಲ್ಲಿ ಇಲ್ಲವೇ ಇಲ್ಲವೆಂದರೆ ತಂತ್ರಾಂಶವನ್ನು ಬೈದು ಉಪಯೋಗವಿಲ್ಲ. ಅಸೆಂಬಲ್ ಮಾಡಿದ ಪೆಟ್ಟಿಗೆಗಳಲ್ಲಿ ಮುಂದಿನ ಕಿಂಡಿಗೆ ಒಳಗಿನಿಂದ ವೈರೇ ಕೊಟ್ಟಿರುವುದಿಲ್ಲ. ಹಿಂದಿನ ಕಿಂಡಿಗೆ ಹಾಕಿ ನೋಡಿ. ಹಾಕುವ ಗಳಿಗೆಯಲ್ಲಿ ಕರ್ನೆಲ್ ಏನು ಗೊಣಗಿತೆಂದು ‘ಡಿಮೆಸೇಜ್’ ತೋರಿಸುತ್ತದೆ, ಈಚಿನ ಉಬುಂಟುಗಳಲ್ಲಿ ಅದಕ್ಕೆ ಮುಂದೆ ಸುಡೋ ಸೇರಿಸಬೇಕು.

ಎರಡು: ಅಜ್ಞಾತಲಿಪಿ ಭಂಗ. ಸಾಮಾನು ಬಂದಿದೆ, ಬರೆದುಕೊಳ್ಳುವವನಿಗೆ ಅಕ್ಷರ ಬರುವುದಿಲ್ಲ. ಈ ಸೀಮೆಯಲ್ಲಿ ಅತಿ ಹೆಚ್ಚು ಕಣ್ಣೀರು ಹರಿಸಿದ ಭಂಗ ಇದೇ ಎಂದು ಯಾವ ಸಮೀಕ್ಷೆಯ ಹಂಗೂ ಇಲ್ಲದೆ ಹೇಳುತ್ತೇನೆ. ಹಳೆಯ ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಅದಕ್ಕೇ 64 ಜಿಬಿಯ ಮೆಮೊರಿ ಕಾರ್ಡು, ಪೆನ್‌ಡ್ರೈವುಗಳು ಎಕ್ಸ್‌ಫ್ಯಾಟ್ ಹೊತ್ತು ಬರತೊಡಗಿದವು. ಎಕ್ಸ್‌ಫ್ಯಾಟ್ ಮೈಕ್ರೋಸಾಫ್ಟಿನ ಸ್ವತ್ತು. ಅದರ ವಿವರವನ್ನು ಕಂಪನಿ ಬಹಿರಂಗಗೊಳಿಸಿದ್ದು 2019ರ ಆಗಸ್ಟಿನಲ್ಲಿ. ಸ್ಯಾಮ್‌ಸಂಗ್ ಬರೆದುಕೊಟ್ಟ ಚಾಲಕ 2020ರಲ್ಲಿ 5.7ನೇ ಕರ್ನೆಲ್ಲಿಗೆ ಸೇರಿತು. ಲ್ಯಾಬಿನಲ್ಲಿರುವ ಯಂತ್ರ 2014ರದೋ 2016ರದೋ ಉಬುಂಟು. ಮೇಡಂ ಹೊಸದಾಗಿ ಕೊಂಡ ಪೆನ್‌ಡ್ರೈವ್ ಎಕ್ಸ್‌ಫ್ಯಾಟ್. ಅವೆರಡಕ್ಕೂ ಮಾತುಕತೆ ಆಗಬೇಕಾದರೆ ‘ಎಕ್ಸ್‌ಫ್ಯಾಟ್-ಫ್ಯೂಸ್’ ಎಂಬ ಪೊಟ್ಟಣವೊಂದನ್ನು ಹಾಕಿಕೊಳ್ಳಬೇಕು. ಎರಡು ನಿಮಿಷದ ಕೆಲಸ, ಇಂಟರ್ನೆಟ್ಟೂ ಪಾಸ್‌ವರ್ಡೂ ಇದ್ದರೆ. ಈ ‘ಇದ್ದರೆ’ಗೆ ಮುಂದೆ ಬರುತ್ತೇನೆ.

ಈ ಭಂಗದಲ್ಲಿ ಲಿನಕ್ಸ್ ಒಂದು ಸಂದೇಶ ಕೊಡುತ್ತದೆ, ಅದಕ್ಕೆ ಮಹಾವಾಕ್ಯದ ಪಟ್ಟ ಸಲ್ಲಬೇಕು. ಫೈಲ್‌ಸಿಸ್ಟಂ ಬಗೆ ತಪ್ಪಿರಬಹುದು, ಆಯ್ಕೆ ತಪ್ಪಿರಬಹುದು, ಸೂಪರ್‌ಬ್ಲಾಕ್ ಕೆಟ್ಟಿರಬಹುದು, ಕೋಡ್‌ಪೇಜ್ ಇಲ್ಲದಿರಬಹುದು, ಸಹಾಯಕ ತಂತ್ರಾಂಶ ಇಲ್ಲದಿರಬಹುದು ಎಂದೆಲ್ಲ ಹೇಳಿ, ಕಡೆಯಲ್ಲಿ ‘ಇಲ್ಲವೇ ಬೇರೆ ಯಾವುದಾದರೂ ದೋಷ’ ಎಂದು ಮುಗಿಸುತ್ತದೆ. ನಮ್ಮ ಪಿಎಚ್‌ಡಿ ಪ್ರಬಂಧಗಳ ಉಪಸಂಹಾರವನ್ನು ಇಷ್ಟು ಪ್ರಾಮಾಣಿಕವಾಗಿ ಬರೆದವರನ್ನು ನಾನು ಕಂಡಿಲ್ಲ.

ಮೂರು: ಮಲಿನ ಭಂಗ. ವಿಂಡೋಸಿನಲ್ಲಿ ಬಳಸಿದ ಎನ್‌ಟಿಎಫ್‌ಎಸ್ ಡಿಸ್ಕನ್ನು ಹೇಳದೆ ಕೇಳದೆ ಕಿತ್ತರೆ ಅದರ ಮೇಲೆ ಮೈಲಿಗೆಯ ಗುರುತು ಉಳಿಯುತ್ತದೆ. ವಿಂಡೋಸ್ 8ರಿಂದ ಇನ್ನೊಂದು ಕಾಟವೂ ಸೇರಿಕೊಂಡಿತು: ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮಲಗದೆ ಅರೆನಿದ್ದೆಯಲ್ಲಿರುತ್ತದೆ, ಮತ್ತೆ ಬೇಗ ಏಳಲಿಕ್ಕಂತೆ. ಇಂಥ ಡಿಸ್ಕನ್ನು ಲಿನಕ್ಸ್ ಓದಲಷ್ಟೇ ಬಿಡುತ್ತದೆ, ಇಲ್ಲವೇ ಮುಟ್ಟುವುದೇ ಇಲ್ಲ. ಅದೇ ವಿಂಡೋಸಿಗೆ ಮರಳಿ ಹಾಕಿ, ಶಿಫ್ಟ್ ಹಿಡಿದು ಶಟ್‌ಡೌನ್ ಮಾಡಿದರೆ ಮಡಿಯಾಗುತ್ತದೆ. ಮಡಿ ಮೈಲಿಗೆಗಳ ಬಗ್ಗೆ ಮಾನವಶಾಸ್ತ್ರೀಯ ಅಡಿಟಿಪ್ಪಣಿಯೊಂದು ಇಲ್ಲಿರಬೇಕಿತ್ತು. ಬರೆಯುವುದಿಲ್ಲ.

ನಾಲ್ಕು: ಪೂರ್ವಲಿಖಿತ ಭಂಗ. ಇದು ನನಗೆ ಬಹಳ ಇಷ್ಟ. ಯಂತ್ರಕ್ಕೆ ಡೆಬಿಯನ್ ಹಾಕಿದ್ದು ಪೆನ್‌ಡ್ರೈವಿನಿಂದಲೇ. ಹಾಕುವಾಗ ಅನುಸ್ಥಾಪಕ ಮಹಾಶಯ ಆ ಪೆನ್‌ಡ್ರೈವನ್ನೂ ಮನೆಯ ಸದಸ್ಯನೆಂದು ಬಗೆದು ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿ ಎಸ್‌ಡಿಬಿ1 ಎಂದು ಬರೆದಿಟ್ಟು ಹೋಗುತ್ತಾನೆ. ವರ್ಷಗಳ ಮೇಲೆ ಯಾರದೋ ಪೆನ್‌ಡ್ರೈವ್ ಬಂದು ಎಸ್‌ಡಿಬಿ1 ಆದಾಗ, ಮ್ಯಾನೇಜರು ಕಡತ ನೋಡಿ ‘ಇದರ ವ್ಯವಸ್ಥೆ ಮೊದಲೇ ಆಗಿದೆ’ ಎಂದು ಕೈಕಟ್ಟಿ ಕೂರುತ್ತಾನೆ. ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದಿಸಲು ಓಡಾಡಿದ ರೈತರಿಗೆ ಈ ಭಂಗವನ್ನು ವಿವರಿಸುವ ಅಗತ್ಯ ಬೀಳಲಿಲ್ಲ. ಆ ಒಂದು ಸಾಲಿನ ಮುಂದೆ ಹ್ಯಾಷ್ ಚಿಹ್ನೆ ಇಟ್ಟರೆ ಮುಗಿಯಿತು.

ಐದು: ಹಾಸ್ಟೆಲ್ ಭಂಗ. ಇಂಜಿನಿಯರಿಂಗ್ ಹುಡುಗರು ಆರ್ಚ್ ಲಿನಕ್ಸ್ ಹಾಕಿಕೊಂಡು ದಿನವೂ ಅಪ್‌ಡೇಟ್ ಮಾಡುತ್ತಾರೆ. ಹೊಸ ಕರ್ನೆಲ್ ಬಂದು ಕೂತಿರುತ್ತದೆ, ಓಡುತ್ತಿರುವುದು ಹಳೆಯದು, ಹಳೆಯದರ ಚಾಲಕಗಳು ಅಳಿಸಿಹೋಗಿವೆ. ಪೆನ್‌ಡ್ರೈವ್ ಹಾಕಿದರೆ ಫ್ಯಾಟ್ ಎಂದರೇನೆಂದೇ ಗೊತ್ತಿಲ್ಲವೆನ್ನುತ್ತದೆ. ಮದ್ದು: ರೀಸ್ಟಾರ್ಟ್. ಹುಡುಗರಿಗೆ ಇದು ಅವಮಾನ, ಅದಕ್ಕೇ ರಾತ್ರಿಯೆಲ್ಲ ಬೇರೆ ಮದ್ದು ಹುಡುಕುತ್ತಾರೆ.

ಆರು: ಅನಧಿಕಾರ ಭಂಗ. ಏಳು: ಕೂಟಪರಿಮಾಣ ಭಂಗ, ಅಂದರೆ ಸಂತೆಯಲ್ಲಿ ಮುನ್ನೂರು ರೂಪಾಯಿಗೆ ಕೊಂಡ 1 ಟಿಬಿ ಪೆನ್‌ಡ್ರೈವು, ‘ಎಫ್3’ ಎಂಬ ಪರೀಕ್ಷಕ ಅದರ ನಿಜವಾದ ಗಾತ್ರ ಹೇಳಿ ಮಾನ ಕಳೆಯುತ್ತದೆ. ಎಂಟು, ಒಂಬತ್ತು…

ಸಾಕು. ಹದಿನೆಂಟೂ ಇಲ್ಲ ಇಪ್ಪತ್ತೂ ಇಲ್ಲ. ಒಂದು ಪಟ್ಟಿ ಉದ್ದವಾದಷ್ಟೂ ಅದನ್ನು ಬರೆದವನಿಗಲ್ಲದೆ ಬೇರೆ ಯಾರಿಗೂ ಪ್ರಯೋಜನವಿಲ್ಲ. ಪೆನ್‌ಡ್ರೈವ್ ಎಲ್‌ಎಸ್‌ಬಿಎಲ್‌ಕೆಯಲ್ಲಿ ಕಾಣುತ್ತಿದೆ, ಪೋಸ್ಟರು ಮಾತ್ರ ಇಲ್ಲವೆಂದರೆ ‘ಯುಡಿಸ್ಕ್ಸ್‌ಸಿಟಿಎಲ್ ಮೌಂಟ್’ ಎಂಬ ಆಜ್ಞೆಗೆ ಡಿಸ್ಕಿನ ಹೆಸರು ಕೊಟ್ಟು ಕೈಯಾರೆ ಏರಿಸಿ ನೋಡಿ. ಏರಿತೇ, ಹಾಗಾದರೆ ಡೆಸ್ಕ್‌ಟಾಪಿನ ಸೆಟ್ಟಿಂಗ್‌ನಲ್ಲಿ ಯಾರೋ ತಾನಾಗಿ ಏರುವುದನ್ನು ನಿಲ್ಲಿಸಿದ್ದಾರೆ. ಏರಲಿಲ್ಲವೇ, ಏಕೆಂದು ಅದೇ ಹೇಳುತ್ತದೆ. ಉಳಿದದ್ದೆಲ್ಲ ಅಲಂಕಾರ.

ತಜ್ಞಲಕ್ಷಣ

ಇಷ್ಟು ಸಣ್ಣ ಸಂಗತಿಯನ್ನು ಇಷ್ಟು ದೊಡ್ಡದು ಮಾಡಿದವರು ಯಾರು ಎಂದರೆ, ಪದವಿಯಿಂದ ತಜ್ಞರಾದವರು. ಒಂದು ತರಬೇತಿಯಲ್ಲಿ ವಿಜ್ಞಾನದ ಮೇಡಂ ಒಬ್ಬರು ಎದ್ದು ನಿಂತು, ‘ಸರ್, ನಮ್ಮ ಲ್ಯಾಬಿನಲ್ಲಿ ಪೆನ್‌ಡ್ರೈವ್ ಓಪನ್ ಆಗ್ತಿಲ್ಲ, ಏನ್ ಮಾಡ್ಬೇಕು?’ ಎಂದರು. ಕುಣಿಗಲ್ ಕಡೆಯವರು, ಎರಡು ಬಸ್ಸು ಬದಲಿಸಿ ಬಂದಿದ್ದರು. ವೇದಿಕೆಯ ಮೇಲಿದ್ದ ಸಂಪನ್ಮೂಲ ವ್ಯಕ್ತಿ ಮುಕ್ತ ತಂತ್ರಾಂಶದ ತತ್ತ್ವಶಾಸ್ತ್ರ ಎತ್ತಿಕೊಂಡರು. ಸ್ವಾತಂತ್ರ್ಯ ನಾಲ್ಕು ಬಗೆ ಎಂದರು. ಸಮುದಾಯ, ಸಹಭಾಗಿತ್ವ, ಜ್ಞಾನದ ವಿಕೇಂದ್ರೀಕರಣ ಎಂದರು. ಕಡೆಗೆ, ‘ನೋಡಿ ಮೇಡಂ, ಲಿನಕ್ಸ್ ಕಲಿಯೋಕೆ ಸ್ವಲ್ಪ ಆಸಕ್ತಿ ಬೇಕು’ ಎಂದು ನಕ್ಕರು. ಸಭೆಯೂ ನಕ್ಕಿತು. ಮೇಡಂ ಕೂತುಕೊಂಡರು.

ಆ ನಗುವಿಗೆ ನಾನು ಯಾವ ಪರಿಭಾಷೆಯನ್ನೂ ಕಟ್ಟಲಾರೆ. ಆಸಕ್ತಿ ಇಲ್ಲದವರು ಎರಡು ಬಸ್ಸು ಬದಲಿಸಿ ಬರುತ್ತಾರೆಯೇ? ವಿಕೇಂದ್ರೀಕರಣದ ಮೇಲೆ ಅರ್ಧ ಗಂಟೆ ಮಾತಾಡಬಲ್ಲ ಮನುಷ್ಯನಿಗೆ ‘ಯಾವ ಉಬುಂಟು, ಪೆನ್‌ಡ್ರೈವ್ ಎಷ್ಟು ಜಿಬಿ?’ ಎಂಬ ಎರಡು ಪ್ರಶ್ನೆ ಕೇಳಲು ಏನು ಅಡ್ಡಿ? ಕೇಳಿದ್ದರೆ ಅಲ್ಲೇ ಪರಿಹಾರ ಸಿಗುತ್ತಿತ್ತು. ನನ್ನ ಅನುಮಾನ, ಉತ್ತರ ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ತತ್ತ್ವದಿಂದ ಮುಚ್ಚುವುದು ಕನ್ನಡ ವಿಭಾಗಗಳಿಗಷ್ಟೇ ಸೀಮಿತವಾದ ಕಲೆ ಎಂದು ನಾನು ತಿಳಿದಿದ್ದೆ. ಅದು ಹಾಗಲ್ಲ.

ಆ ಮೇಡಂ ಶಾಲೆಗೆ ಆಮೇಲೆ ಹೋಗಿದ್ದೆ. ಲ್ಯಾಬಿಗೆ ಬೀಗ, ಬೀಗದ ಕೈ ಹೆಡ್‌ಮಾಸ್ಟರ ಬಳಿ, ಯಂತ್ರಗಳ ಮೇಲೆ ಹಳೆಯ ಸೀರೆಯ ಹೊದಿಕೆ. ಹಾಕಿಕೊಟ್ಟ ಗುತ್ತಿಗೆಯವರು ಅವಧಿ ಮುಗಿಯಿತೆಂದು ಹೊರಟಾಗ ಅಡ್ಮಿನ್ ಪಾಸ್‌ವರ್ಡನ್ನು ಯಾರಿಗೂ ಹೇಳಲಿಲ್ಲ, ಕೇಳಬೇಕೆಂದು ಇವರಿಗೂ ಹೊಳೆಯಲಿಲ್ಲ. ಮಕ್ಕಳ ಖಾತೆಯಿಂದ ಒಳಹೊಕ್ಕು ಏನು ಮಾಡಹೋದರೂ ಪರದೆಯ ಮೇಲೆ ಬರುವುದು ಒಂದೇ ಮಾತು, ಈ ಕೆಲಸ ಮಾಡಲು ನಿಮಗೆ ಅಧಿಕಾರವಿಲ್ಲ. ಇಂಗ್ಲಿಷಿನಲ್ಲಿ ಬರುತ್ತದೆ. ಎಂಟನೆಯ ತರಗತಿಯ ಹುಡುಗಿ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, ‘ಮಿಸ್, ನಮಗೆ ಪರ್ಮಿಷನ್ ಇಲ್ವಂತೆ’ ಎಂದಳಂತೆ. ತಮ್ಮ ಶಾಲೆಯ, ತಮ್ಮ ಊರಿನ ತೆರಿಗೆ ಕಾಸಿನ ಯಂತ್ರ.

ಉಬುಂಟು ಹೊತ್ತಿಕೊಳ್ಳುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ ರಿಕವರಿ ಮೋಡಿಗೆ ಹೋದರೆ ಯಂತ್ರದ ಎದುರು ಕೂತವರು ಯಾವ ಪಾಸ್‌ವರ್ಡನ್ನಾದರೂ ಬದಲಿಸಿಕೊಳ್ಳಬಹುದು. ಇದು ಕಳ್ಳತನವಲ್ಲ, ಯಂತ್ರ ಯಾರದೋ ಅವರಿಗಾಗಿಯೇ ಇಟ್ಟ ಬಾಗಿಲು. ಅಷ್ಟೂ ತರಬೇತಿಗಳಲ್ಲಿ ಇದನ್ನು ಯಾರಾದರೂ ಒಬ್ಬರು ಹೇಳಿದ್ದರೆ!

ಆರೋಹಣೋತ್ತರ ವಿಷಾದ

ಏರಿದ ಮೇಲೂ ಸುಖವಿಲ್ಲವೆಂಬುದನ್ನು ಚುಟುಕಾಗಿ ಗಮನಿಸಬಹುದು. ಪೆನ್‌ಡ್ರೈವಿನೊಳಗಿನ ಸುತ್ತೋಲೆಯನ್ನು ಹಳೆಯ ನುಡಿಯಲ್ಲಿ ಬೆರಳಚ್ಚಿಸಿರುತ್ತಾರೆ. ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿವೆ. ಫಾಂಟಿಲ್ಲದ ಉಬುಂಟುವಿನಲ್ಲಿ ತೆರೆದರೆ ಮಾನ್ಯ ಉಪನಿರ್ದೇಶಕರು ಲ್ಯಾಟಿನ್ ಮಂತ್ರ ಪಠಿಸಿದಂತೆ ಕಾಣುತ್ತಾರೆ. ಆ ಫಾಂಟು ಕಡತವೊಂದನ್ನು ತಂದು ಹಾಕಿದರೆ ಸರಿಹೋಗುತ್ತದೆ. ಇಷ್ಟು ವರ್ಷ ಯುನಿಕೋಡ್ ಇದ್ದೂ ಕಚೇರಿಗಳು ಏಕೆ ಬದಲಾಗಿಲ್ಲ ಎಂಬುದು ಬೇರೆಯೇ ಪ್ರಬಂಧ, ಅದನ್ನು ಬರೆಯುವಷ್ಟು ರಕ್ತದೊತ್ತಡ ನನ್ನಲ್ಲಿ ಉಳಿದಿಲ್ಲ.

ಫಾರ್ಮ್ಯಾಟ್ ಪಂಥ

ಬಿ.ಎಚ್. ರಸ್ತೆಯಿಂದ ಹೊರಪೇಟೆಯವರೆಗೆ ಯಾವ ಜೆರಾಕ್ಸ್ ಅಂಗಡಿಗೆ ಹೋದರೂ ಸ್ವಯಮಾರೋಹಣ ಭಂಗಕ್ಕೆ ಒಂದೇ ಚಿಕಿತ್ಸೆ. ಪೆನ್‌ಡ್ರೈವನ್ನು ತಿರುಗಿಸಿ ಮುರುಗಿಸಿ ನೋಡಿ, ಅಂಗಡಿಯ ಹುಡುಗ ಕೇಳುತ್ತಾನೆ: ‘ಮೇಷ್ಟ್ರೇ, ಇದು ಹೋಗ್ಬಿಟ್ಟದೆ. ಫಾರ್ಮ್ಯಾಟ್ ಮಾಡ್ಬಿಡ್ಲಾ?’

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸರದಿಯಲ್ಲಿ ಇನ್ನೂ ಹತ್ತು ಜನ ನಿಂತಿದ್ದಾರೆ, ಅವನಿಗೆ ಕಲಿಸಿದವರು ಅಷ್ಟೇ ಕಲಿಸಿದ್ದಾರೆ. ಆದರೆ ನನಗೆ ಬೇಕಾದ ನಿವೃತ್ತ ಮೇಷ್ಟ್ರೊಬ್ಬರು ಹಾಗೆ ಕೇಳಿದಾಗ ‘ಹೂಂ ಕಣಪ್ಪಾ’ ಎಂದರು. ಅವರ ಊರು ಕುಣಿಗಲ್ ತಾಲ್ಲೂಕಿನಲ್ಲಿ. ಕುಣಿಗಲ್ ಕೆರೆಯ ಹಾಡನ್ನು ಗೊತ್ತಿಲ್ಲದವರಿಲ್ಲ. ಗೊತ್ತಿಲ್ಲದ ಹಾಡುಗಳು ಆ ಸುತ್ತಿನಲ್ಲಿ ಎಷ್ಟೋ ಇವೆ. ಮದುವೆ ಮನೆಯಲ್ಲಿ, ಒಸಗೆಯಲ್ಲಿ ಹೇಳುವ ಸೋಬಾನೆ, ರಾಗಿ ಬೀಸುವಾಗಿನ ಪದ. ಕೆಲಸದಲ್ಲಿದ್ದ ಕಾಲದಲ್ಲಿ ಮೇಷ್ಟ್ರು ಊರ ಮುದುಕಿಯರನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಅವನ್ನು ಹಿಡಿದಿದ್ದರು. ಹಾಡಿದವರಲ್ಲಿ ಅವರ ತಾಯಿಯೂ ಒಬ್ಬರು. ಎಲ್ಲ ಒಂದೇ ಪೆನ್‌ಡ್ರೈವಿನಲ್ಲಿ. ಹಾಡುಗಳು ಒಳಗಿವೆಯೆಂದು ಮೇಷ್ಟ್ರು ಹೇಳಿದರು, ಹುಡುಗ ಕೇಳಿಸಿಕೊಂಡ. ಫಾರ್ಮ್ಯಾಟ್ ಎಂದರೆ ರಿಪೇರಿ ಎಂದು ಮೇಷ್ಟ್ರು ತಿಳಿದಿದ್ದರು. ಪೆನ್‌ಡ್ರೈವ್ ಸರಿಹೋಯಿತು. ಖಾಲಿ ಕಂಡಿತು. ಪಾಪ ಎನಿಸಿ ಹುಡುಗ ಅದರ ತುಂಬ ಹಳೆಯ ಸಿನಿಮಾ ಹಾಡುಗಳನ್ನು ಪುಕ್ಕಟೆಯಾಗಿ ತುಂಬಿಕೊಟ್ಟ.

ತಾಂತ್ರಿಕವಾಗಿ ಹೇಳುವುದಾದರೆ, ಅವಸರದ ಫಾರ್ಮ್ಯಾಟಿನಲ್ಲಿ ಅಳಿಯುವುದು ವಿಷಯಸೂಚಿ ಮಾತ್ರ. ಹಾಡುಗಳು ಇದ್ದಲ್ಲೇ ಇದ್ದವು. ಅವುಗಳ ಮೇಲೆ ಇನ್ನೇನನ್ನೂ ಬರೆಯದೆ ಬಿಟ್ಟಿದ್ದರೆ ಕ್ರಿಸ್ಟೋಫ್ ಗ್ರೆನಿಯರ್ ಬರೆದ ಫೋಟೋರೆಕ್ ತಂತ್ರಾಂಶದಿಂದ ಬಹುಪಾಲು ಎತ್ತಬಹುದಿತ್ತು. ಫಾರ್ಮ್ಯಾಟಿಗೆ ಮುಂಚೆಯೇ ಆಗಿದ್ದರೆ, ಓದಲು ಮಾತ್ರವೆಂದು ಏರಿಸಿದರೆ ಬಹುಶಃ ಹಾಗೆಯೇ ತೆರೆದುಕೊಳ್ಳುತ್ತಿತ್ತು. ಪೆನ್‌ಡ್ರೈವ್ ಕೆಟ್ಟದ್ದಾದರೂ ಏಕೆ? ಕಾಪಿ ಮುಗಿಯಿತೆಂದು ಪರದೆ ಹೇಳಿದ ಕೂಡಲೇ ಕಿತ್ತದ್ದರಿಂದ. ಬರಹ ಆಗಿನ್ನೂ ಗಣಕದ ನೆನಪಿನಲ್ಲೇ ಇರುತ್ತದೆ, ಡಿಸ್ಕಿಗೆ ಇಳಿದಿರುವುದಿಲ್ಲ. ಎಜೆಕ್ಟ್ ಒತ್ತಿದಾಗಲೇ ಪೂರ್ತಿ ಇಳಿಯುವುದು. ಆಟ ನಡೆಯುತ್ತಿರುವಾಗ ಡೇರೆಯ ಗೂಟ ಕೀಳುವುದೆಂದರೆ ಇದು.

ಹಾಡಿದವರಲ್ಲಿ ಈಗ ಯಾರೂ ಇಲ್ಲ.

ಜಾನಪದದ ಮೇಲೆ ನಮ್ಮಲ್ಲಿ ನಡೆದಷ್ಟು ಸಂಕಿರಣ ಇನ್ನಾವುದರ ಮೇಲೂ ನಡೆದಿರಲಾರದು. ಮೌಖಿಕ ಪರಂಪರೆಯ ಸಂಕಥನ, ಸ್ತ್ರೀಸಂವೇದನೆಯ ನೆಲೆಗಳು, ದೇಸಿ ಅಸ್ಮಿತೆ. ಆ ಸಂಪುಟಗಳೆಲ್ಲ ಕಪಾಟಿನಲ್ಲಿ ಭದ್ರವಾಗಿವೆ, ಒಂದು ಪುಟಕ್ಕೂ ಹಾನಿಯಾಗಿಲ್ಲ. ಹೋದದ್ದು ಹಾಡು.

ಶಿಫಾರಸುಗಳು

ಪ್ರಬಂಧವೆಂದ ಮೇಲೆ ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಸರ್ಕಾರ ಓದುವುದಿಲ್ಲವಾದ್ದರಿಂದ ಹೆಡ್‌ಮಾಸ್ಟರುಗಳಿಗೆ ಮಾಡುತ್ತೇನೆ. ಲ್ಯಾಬಿನ ಅಡ್ಮಿನ್ ಪಾಸ್‌ವರ್ಡನ್ನು ಸ್ಟಾಕ್ ರಿಜಿಸ್ಟರಿನಲ್ಲಿ, ಕುರ್ಚಿ ಮೇಜುಗಳ ಲೆಕ್ಕದ ಪಕ್ಕದಲ್ಲಿ ಬರೆದಿಡಿ. ವರ್ಗವಾಗಿ ಹೋಗುವಾಗ ಬೀಗದ ಕೈಯ ಜತೆ ಅದನ್ನೂ ಒಪ್ಪಿಸಿ. ಎಲ್‌ಎಸ್‌ಬಿಎಲ್‌ಕೆ ಮತ್ತು ಯುಡಿಸ್ಕ್ಸ್‌ಸಿಟಿಎಲ್ ಎಂಬ ಎರಡು ಆಜ್ಞೆಗಳನ್ನು ಕನ್ನಡದಲ್ಲಿ ಅರ್ಥಸಮೇತ ಬರೆದು ಗೋಡೆಗೆ ಅಂಟಿಸಿ. ಒಂಬತ್ತನೆಯ ತರಗತಿಯ ಮಕ್ಕಳ ಕೈಗೆ ಆ ಕೆಲಸ ಕೊಡಿ, ಸಂಪನ್ಮೂಲ ವ್ಯಕ್ತಿಗಳಿಗಿಂತ ಚೆನ್ನಾಗಿ ಮಾಡುತ್ತಾರೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಡ್ರಾಯರಿನಲ್ಲಿ ‘ಹೋಗಿಬಿಟ್ಟಿದೆ’ ಎಂದು ಎಸೆಯದೆ ಇಟ್ಟ ಪೆನ್‌ಡ್ರೈವ್ ಇದ್ದರೆ, ಅದರಲ್ಲಿ ಯಾರದಾದರೂ ದನಿ ಇದ್ದರೆ, ಅದಕ್ಕೆ ಹೊಸದಾಗಿ ಏನನ್ನೂ ತುಂಬಬೇಡಿ, ಅಂಗಡಿಯಲ್ಲಿ ಯಾರು ಕೇಳಿದರೂ ಫಾರ್ಮ್ಯಾಟಿಗೆ ಹೂಂ ಎನ್ನಬೇಡಿ. ಫೋಟೋರೆಕ್ ಉಚಿತವಾಗಿ ಸಿಗುತ್ತದೆ. ಉಬುಂಟುವಿನ ಭಂಡಾರದಲ್ಲಿ ಅದು ಟೆಸ್ಟ್‌ಡಿಸ್ಕ್ ಎಂಬ ಪೊಟ್ಟಣದೊಳಗಿದೆ.